ಸೋದರತ್ತೆ ಕೂಗಬೇಕಾದ ಹೆಸರು

ನಗು, ನಗು! ಇನ್ನೊಂದ್ಸಲ ಯೋಳು ನೋಡಾನ. ಏನು? ಉರುದ್ಯಾ... ಉರ್ದ್ಯಾಂಚಿ... ಥೂ! ಯಾಕೋ ಅಂಗೆ ನಗ್ತೀಯ? ಆ ಎಸ್ರಿನ ಮೊದಲ್ನೇ ಅಕ್ಷರ ನನ್ ಬಾಯಿಗೆ ಉಟ್ಟಿದಾಗಿಂದ ಬಂದಿಲ್ಲ ಅಂತ ನಿಂಗೆ ಗೊತ್ತಿಲ್ವಾ ಕಿರಣ? ನಿನಗಿರೋಳು ಒಬ್ಳೇ ಅಕ್ಕ. ನಿನ್ ಮಗೀನ ಕಿವೀಲಿ ಎಸ್ರು ಕೂಗ್ಬೇಕಾದ ಸೋದರತ್ತೆ. ಆ ಸೋದರತ್ತೆ ಬಾಯಿಗೆ ಬರೋ ಅಂತದ್ದೊಂದು ಎಸ್ರು ಸಿಕ್ಲಿಲ್ವಾ ಗಂಡ ಎಂಡ್ತಿಗೆ, ಇಡೀ ಮೈಸೂರಲ್ಲಿ?

ಏನು? ಐನೋರು ನಕ್ಷತ್ರ ನೋಡಿ ಅಕ್ಷರ ಕೊಟ್ರಾ? ಕೊಡ್ಲಿ ಕಣೋ! ಅದೇ ಅಕ್ಷರಕ್ಕೆ ಇಮಾ ಅಂತ ಇಡಿ. ಮಂಜು ಅಂತ ಅರ್ಥ, ತಂಪಾಗಿರ್ತದೆ. ಎರಡಕ್ಷರ, ಕರೆಯೋಕೂ ಸಲೀಸು... ಅಳೇದಾಯ್ತಾ? ಎಲ್ಲಾ ಮನೇಲೂ ಒಂದಿದ್ಯಾ? ಅಯ್ಯೋ, ಇದ್ರೇನಂತೆ!

ಸರಿ, ಇದಕ್ಕಾದ್ರೂ ಏನಪ್ಪಾ ಅರ್ಥ? ಎದೆಯ ಚೂರು?... ಮೊನ್ನೆ ಫೋನಲ್ಲಿ ಚಂದ್ರನ ಬೆಳಕು ಅಂದಿದ್ಯಲ್ಲೋ! ಒಂದು ಆ್ಯಪಲ್ಲಿ ಅಂಗದೆ, ಇನ್ನೊಂದ್ರಲ್ಲಿ ಇಂಗದೆ ಅಂತೀಯಾ? ಎತ್ತೋರಿಗೇ ಅರ್ಥ ಗೊತ್ತಿಲ್ಲ! ನಾಳೆ ಆ ಕೂಸು ಬಂದು ಕೇಳಿದ್ರೆ ಏನ್ ಯೋಳ್ತೀಯ, ಇರು ಕಂದ, ಫೋನ್ ಚಾರ್ಜಿಗೆ ಆಕಿದೀನಿ ಅಂತೀಯಾ?

ನಮ್ಮಪ್ಪಂಗೆ ಮೂಗಯ್ಯ ಅಂತ ಯಾಕಿಟ್ರು ಗೊತ್ತಲ್ಲ? ಅವನಿಗಿಂತ ಮುಂಚೆ ಉಟ್ಟಿದ್ದ ಎರಡು ಗಂಡುಕೂಸೂ ಕಣ್ ಬುಡೋ ಒತ್ಗೆ ಓಗ್ಬುಟ್ವು. ಇವನು ಉಟ್ಟಿದ್ದೇ ತಡ, ಅಜ್ಜಿ ಮೂಗು ಚುಚ್ಚಿಸ್ಬುಟ್ಳು. ಯಮ ಬಂದ್ರೂ ಎಣ್ಣು ಅಂದ್ಕಂಡು ಬುಟ್ಟೋಗ್ಲಿ ಅಂತ! ಸ್ಕೂಲಲ್ಲಿ ಎಲ್ಲಾ ಆಡ್ಕಂಡ್ರಂತೆ. ಆಡ್ಕಳ್ಲಿ. ತಲೆ ನೆರೆಯೋವರ್ಗೂ ಬದುಕಿದ್ನಲ್ಲ! ಅದು ಕಣೋ ಎಸ್ರು ಅಂದ್ರೆ.

ನಿಂದು? ತಾತನ ಎಸ್ರು ಸಣ್ಣಮಾದಯ್ಯ ಅಂತ ಇಡಾನ ಅಂದ್ರು. ನಾನು ಊಟ ಬುಟ್ಟು ಕೂತೆ. ಲಂಗ ಆಕ್ಕಂಡ್ ಓಡಾಡೋ ಉಡುಗಿ ನಾನಾಗ. ಶಿವರಾತ್ರಿ ಜಾಗರಣೆ ಮುಗ್ದು ಬೆಳಕು ಅರಿಯೋವಾಗ ಉಟ್ಟವ್ನೆ, ಶಿವಕಿರಣ ಅಂತ್ಲೇ ಇಡಿ ಅಂತ ಅತ್ತೂ ಅತ್ತೂ... ಆಗ ಒಪ್ಪಿದ್ರು.

ಅದಕ್ಕೇ ಯೋಳ್ತಿದೀನಿ, ಕೇಳು. ಭಾನುವಾರ ನಾನು ಬರಲ್ಲ. ಆ ಎಸ್ರು ನಾನು ಕೂಗಲ್ಲ. ಚಾಮರಾಜಪುರದಲ್ಲಿ ನಿಮ್ಮತ್ತೆ ಮನೆ ತುಂಬಾ ಜನ ಸೇರಿರ್ತಾರೆ, ನನ್ ನಾಲಿಗೆ ತೊದಲೋದು, ಅವರು ಮುಖ ಮುಖ ನೋಡ್ಕಂಡು ನಗೋದು... ಬ್ಯಾಡಪ್ಪ. ಬೇರೆ ಯಾರಾದ್ರೂ ಕೂಗ್ಲಿ.

ಏನೋ? ಯಾಕೆ ಲೋಟ ಕೆಳಗಿಟ್ಟೆ? ಈಗ ತಾನೆ ಅಷ್ಟು ನಗ್ತಿದ್ದೆ... ಕಾಫಿ ಆರ್ತದೆ, ಕುಡಿ.

ಬರಲ್ಲ ಅಂದೆ ಕಣೋ. ಕೇಳಿಸ್ತಾ? ಜಗಳ ಆಡು! ನೀನಲ್ದೆ ಇನ್ಯಾರಕ್ಕ ಅನ್ನು! ಸಣ್ಣೋನಿದ್ದಾಗ ಒಂದು ಐಸ್‌ಕ್ಯಾಂಡಿಗೆ ನನ್ ಸೆರಗು ಬುಡ್ದೆ ರಚ್ಚೆ ಇಡೀತಿದ್ದೋನು ನೀನು... ತಲೆ ಆಡಿಸ್ತೀಯಾ? ಆಯ್ತಕ್ಕ ಅಂತ ತಲೆ ಆಡಿಸ್ತಾ ಇದೀಯಾ? ನೋಡು, ನೋಡು, ಎಷ್ಟು ನೆಮ್ಮದಿ ಬಂತು ಮುಖಕ್ಕೆ! ಇಷ್ಟು ವರ್ಷಕ್ಕೆ ನಮ್ಮನೆಗೆ ಬಂದಿರೋ ಎಣ್ಣು ಕೂಸು, ನನ್ ತಮ್ಮನ ಮಗಳು ಹೃದ್ಯಾಂಶಿ, ಅದರ ತೊಟ್ಲು ಮುಂದೆ ನಾನಿಲ್ಲ ಅಂದ್ರೆ ನಿಂಗೆ...

ಏನೋ ಅಂಗೆ ನೋಡ್ತೀಯ?

ಔದು. ಬರ್ತದೆ. ಹೃದ್ಯಾಂಶಿ. ಹೃದ್ಯಾಂಶಿ. ಸಾಕಾ? ನೀನು ಯೋಳಿದ್ ದಿನದಿಂದ ಕಲೀತಿದೀನಿ. ಮಿಷನ್ ತುಳೀತಾ, ಬ್ಲೌಸಿಗೆ ಉಕ್ಸು ಆಕ್ತಾ... ಪಕ್ಕದ್ಮನೆ ಸೆಲಿನಾ ಟೀಚರ್ ಅತ್ರ ನಾಚ್ಕೆ ಬುಟ್ಟು ಯೋಳಿಸ್ಕಂಡೆ. ಕನ್ನಡಕ ಒರಸೋವಾಗ ಗಾಜಿನ ಮೇಲೆ ಉಸಿರು ಬುಡ್ತೀರಲ್ಲ, ಅಂಗೆ ಅನ್ನಿ ಅಂದ್ರು. ಬಂತು ಕಣೋ. ಬಂದ್ ದಿನ ಒಬ್ಳೇ ಕೂತು ನಕ್ಕೆ.

ಮತ್ಯಾಕೆ ಬರಲ್ಲ ಅಂದೆ ಅಂತ ತಾನೆ? ಅನು ಫೋನ್ ಮಾಡಿದ್ಲು. ಚಿಕ್ಕಪ್ಪನ ಮಗಳು, ಪಾಪ, ಅದಕ್ಕೇನ್ ಗೊತ್ತು. ಎಸ್ರು ನಾನೇ ಕೂಗ್ಬೇಕಂತೆ ಅಕ್ಕ, ಯಾವ ಸೀರೆ ಉಡ್ಲಿ ಅಂತ ಕೇಳಿದ್ಲು. ಗಿಣಿ ಬಣ್ಣದ್ದು ಉಡು ಅಂದೆ... ಆ ಮಾತು ನಿನ್ ಬಾಯಿಂದ ಕೇಳ್ಬಾರ್ದು ಅಂತ ನಾನೇ ಎಸ್ರಿನ ಮೇಲೆ ಜಗಳ ತೆಗ್ದೆ. ನಿಮ್ ಭಾವ ತೀರ್ಕಂಡು ಇನ್ನೂ ವರ್ಷ ತುಂಬಿಲ್ಲ, ಮುಂಡೆ ಬಾಯಲ್ಲಿ ಮಗೀಗೆ ಎಸ್ರು ಬ್ಯಾಡ. ಅಷ್ಟೇ ತಾನೆ?

ಅಷ್ಟೇ ತಾನೆ? ಮಾತಾಡು!

ನಿನ್ ಕಿವೀಲಿ ಯಾರೋ ಕೂಗಿದ್ದು? ಪುಟ್ಟತಾಯತ್ತೆ. ಅವಳ ಅಣೆ ಬರಿದಾಗಿ ಎಷ್ಟು ಕಾಲ ಆಗಿತ್ತು ಆಗ! ಅಡಿಗೆ ಮನೇಲಿ ಅವಿತ್ಕಂಡಿದ್ದೋಳನ್ನ ಅಜ್ಜಿನೇ ಕೈ ಇಡ್ದು ಎಳ್ಕಂಬಂದು ತೊಟ್ಲು ಮುಂದೆ ಕೂರಿಸಿದ್ಳು. ಅದೂ ಅಳ್ಳೀಲಿ, ಆ ಕಾಲ್ದಲ್ಲಿ! ನಿಂಗೇನಾಗ್ಬುಟ್ಟಿದೆ ಈಗ? ಗುಂಡುಕಲ್ಲಂಗೆ ನನ್ ಮುಂದೆ ಕೂತಿದೀಯಲ್ಲ!

ಯಾರಂದ್ರು ಅಂಗೆ? ನಿಮ್ಮತ್ತೆನಾ?... ಅಲ್ವಾ? ಶಿಲ್ಪಶ್ರೀನಾ?... ಅವಳೂ ಅಲ್ಲ? ನಿಜ ಯೋಳು, ಎಂಡ್ತೀನ ಕಾಯ್ಬೇಡ... ಸರಿ. ಮತ್ಯಾರೋ? ಅವರಿಬ್ರೂ ಅಲ್ಲ ಅಂದ್ರೆ ಇನ್ಯಾರಿದಾರೆ ಆ ಮನೇಲಿ ಅಂಗೆ ಅನ್ನೋಕೆ...

ಕಿರಣ?

ಕಿರಣ, ಇಲ್ಲಿ ನೋಡು. ನನ್ ಮುಖ ನೋಡು.

...ಭಯ ಆಯ್ತಾ? ಮಗೀಗೇನಾದ್ರೂ ಆಗ್ಬುಡ್ತದೆ ಅಂತ? ನನ್ನಿಂದನಾ?

ಅಲ್ಲ ಅನ್ನು. ಸುಳ್ಳಾದ್ರೂ ಸರಿ, ಅಲ್ಲ ಅಂತ ಒಂದ್ಸಲ ಅನ್ನೋ...

ಬುಡು. ಏಳು. ಕಾಲು ಮುಟ್ಬೇಡ, ಏಳು ಮೇಲಕ್ಕೆ. ಗಾಡಿ ತೆಗಿ, ಶಿಲ್ಪಶ್ರೀ ಮಗೀನ್ ಇಡ್ಕಂಡು ಕಾಯ್ತಿರ್ತಾಳೆ. ಅನೂನೇ ಕೂಗ್ಲಿ.

ಮೆತ್ಗೆ ಕೂಗು ಅಂತ ಯೋಳು ಅವಳಿಗೆ. ಅವಳ್ದು ದೊಡ್ಡ ಗಂಟ್ಲು. ಎಳೇ ಕಿವಿ.