ಒತ್ತಿದ ಕೈ

...ಇಲ್ಲ, ಶಟರ್ ಎತ್ತಬೇಡ. ಇಷ್ಟು ಬೆಳಕು ಸಾಕು. ಆ ಟಾರ್ಚ್ ಸ್ವಲ್ಪ ಇತ್ತ ಹಿಡಿ. ಕೆಳಗೆ... ಇನ್ನೂ ಕೆಳಗೆ. ನನ್ನ ಮುಖಕ್ಕಲ್ಲ ಮಾರಾಯ್ತಿ, ಗನ್‌ಗೆ ಹಿಡಿ.

ಮೂಗು ಮುಚ್ಚಿಕೊಳ್ತೀಯಲ್ಲ, ವಾಸನೆ ಹೋಗಿಲ್ಲ ಅಂತ ನನಗೂ ಗೊತ್ತು. ನೆಲ ತೊಳೆಸಿದೆ, ಟ್ಯಾಂಕನ್ನು ಪೊಲೀಸರೇ ಸಾಗಿಸಿಕೊಂಡು ಹೋದರು, ಆದರೂ ಗೋಡೆಗೆ ಹಿಡಿದುಬಿಟ್ಟಿದೆ. ನೀನು ಆಸ್ಪತ್ರೆಯಿಂದ ಮನೆಗೆ ಹೋಗಿ ಒಂದು ಗಳಿಗೆ ಮಲಗಬೇಕಿತ್ತು. ನೇರ ವರ್ಕ್‌ಶಾಪಿಗೆ ಬಂದಿದ್ದೀಯ. ಬಂದಿದ್ದು ಒಳ್ಳೆಯದೇ ಆಯಿತು ಬಿಡು, ಈ ಕೆಲಸಕ್ಕೆ ಮೂರು ಕೈ ಬೇಕು.

ಸಾಯಂಕಾಲ ಮೆಷಿನ್ ನೋಡೋಕೆ ಸ್ಟೇಷನ್ ಸಾಹೇಬರು ಬರ್ತಾರೆ. ಏನನ್ನೂ ಮುಟ್ಟಬೇಡ ಅಂತ ಹೇಳಿ ಹೋಗಿದ್ದಾರೆ. ನಾನೇನು ಮುಟ್ಟುತ್ತಿದ್ದೀನಿ? ವೆಲ್ಡಿಂಗ್ ಗನ್ನಿನ ಒಂದು ಸ್ವಿಚ್. ಹೆಬ್ಬೆರಳ ಉಗುರಿನಷ್ಟಿದೆ. ಹಳೆಯದು ಸವೆದಿತ್ತು, ಹೊಸದು ಹಾಕ್ತಿದ್ದೀನಿ. ಯಾವಾಗಲೋ ಮಾಡಬೇಕಿದ್ದ ಕೆಲಸ.

ಹಾಗೆ ನೋಡಬೇಡ ನನ್ನನ್ನ.

ನಿನಗೆ ಈ ಗನ್ನಿನ ವಿಷಯ ಗೊತ್ತಿಲ್ಲ, ಹೇಳ್ತೀನಿ ಕೇಳು. ಇಲ್ಲಿ ಟ್ರಿಗರ್ ಇದೆಯಲ್ಲ, ಇದನ್ನು ಒತ್ತಿದರೆ ತಂತಿ ಮುಂದೆ ಬರುತ್ತೆ, ಕಬ್ಬಿಣಕ್ಕೆ ತಾಗಿದರೆ ಕಿಡಿ ಹತ್ತುತ್ತೆ. ಬಿಟ್ಟರೆ ನಿಂತುಹೋಗುತ್ತೆ. ಒತ್ತಿದವನ ಕೈಯಲ್ಲೇ ಎಲ್ಲ ಇರೋದು. ಸಾಹೇಬರಿಗೂ ಅದನ್ನೇ ಹೇಳಿದೆ. ನಿನ್ನ ತಮ್ಮ ಟ್ಯಾಂಕಿನೊಳಗೆ ಕೂತು ಥಿನ್ನರ್ ಹಾಕಿ ಒರೆಸ್ತಿದ್ದ, ಗನ್ ಕಾಲ ಹತ್ತಿರ ಇಟ್ಟುಕೊಂಡಿದ್ದ, ಕಿಡಿ ತಾಗಿದರೆ ಭಗ್ ಅನ್ನೋ ಅದರ ಆವಿ ಹೋಗೋ ತನಕ ಕಾಯಲಿಲ್ಲ, ಒತ್ತಿಬಿಟ್ಟ. ಅವಸರ ಅವನಿಗೆ.

ಇಲ್ಲ ಅಂತ ತಲೆ ಆಡಿಸಬೇಡ. ಮನೆಯಲ್ಲಿ ಒಂದು ಲೋಟ ನೀರು ಕುಡಿಯೋಕೆ ಅರ್ಧ ದಿನ ಹಿಡಿಸ್ತಾನೆ, ಸರಿ. ಕೆಲಸದಲ್ಲಿ ಅವನು ಹೇಗೆ ಅಂತ ನೋಡಿರೋನು ನಾನು. ನೀನಲ್ಲ.

ಅವನಿಗೆ ಕಡ್ಡಿ ಅಂತ ಹೆಸರಿಟ್ಟಿದ್ದು ನೀನೇ ಅಲ್ಲವಾ? ಆ ಕಡ್ಡಿ ಮೈಗೆ ಮಾತ್ರ ಟ್ಯಾಂಕಿನ ಬಾಯಿ ಸಾಲ್ತಿತ್ತು. ಈ ಹೊಟ್ಟೆ ಹೊತ್ತುಕೊಂಡು ನಾನು ಇಳಿದಿದ್ದರೆ ನನ್ನನ್ನು ತೆಗೆಯೋಕೆ ಟ್ಯಾಂಕನ್ನೇ ಕತ್ತರಿಸಬೇಕಿತ್ತು... ನಗು ಬರಲಿಲ್ಲವಾ. ಸರಿ. ನಗೋ ಹೊತ್ತೂ ಅಲ್ಲ ಬಿಡು.

ಹ್ಞಾಂ, ಸ್ಕ್ರೂ ಬಿಚ್ಚಿತು. ಈಗ ಗನ್ನಿನ ಹಿಡಿಕೆ ಎರಡು ಹೋಳಾಗುತ್ತೆ. ನೀನು ಸ್ವಲ್ಪ ಆ ಕಡೆ ನೋಡು. ಏನಿಲ್ಲ, ಮಸಿ ಹಾರಿ ಕಣ್ಣಿಗೆ ಬೀಳುತ್ತೆ ಅಂತ. ಬೆಳಕು ಇಲ್ಲೇ ಇರಲಿ, ಮುಖ ಮಾತ್ರ ಆ ಕಡೆ... ಹತ್ತಿರ ಯಾಕೆ ಬಂದೆ?

ಹೌದು. ಒಳಗೆ ಸ್ವಿಚ್ ಇಲ್ಲ.

ಬರೀ ಎರಡು ವೈರು, ಹೆಣೆದು ಟೇಪ್ ಸುತ್ತಿದೆ. ಅದೇನು ದೊಡ್ಡ ಸಂಗತಿ ಅಲ್ಲ ಕಣೇ, ಈ ಕಸುಬಿನಲ್ಲಿ ಎಷ್ಟೋ ಜನ ಮಾಡ್ತಾರೆ. ಸ್ವಿಚ್ ಸವೆದರೆ ಒಮ್ಮೆ ಹತ್ತುತ್ತೆ, ಒಮ್ಮೆ ಇಲ್ಲ, ಅರ್ಧ ಬೆಸುಗೆಯಲ್ಲಿ ಕೈಕೊಡುತ್ತೆ. ತಲೆಕೆಟ್ಟು ಕಿತ್ತು ಬಿಸಾಕಿ ವೈರ್ ಸೇರಿಸಿಬಿಡೋದು. ಆಮೇಲೆ ಮೆಷಿನ್ನಿನ ಮೇನ್ ಸ್ವಿಚ್ಚೇ ಟ್ರಿಗರ್. ಒಳಗಿನವನು 'ಹಾಕು' ಅಂತಾನೆ, ಹೊರಗಿನವನು ಹಾಕ್ತಾನೆ. 'ತೆಗಿ' ಅಂದರೆ ತೆಗೀತಾನೆ. ಕಡ್ಡಿಯೂ ನಾನೂ ಹಾಗೇ ಎಷ್ಟು ಟ್ಯಾಂಕ್ ಮುಗಿಸಿಲ್ಲ. 'ಗಂಟಲು ಗಟ್ಟಿ ಇದ್ದರೆ ಸಾಕು ಭಾವ, ಸ್ವಿಚ್ ಯಾಕೆ' ಅಂತ ಅವನೇ ತಮಾಷೆ ಮಾಡ್ತಿದ್ದ.

ಏನು?

ಏನೋ ಅಂದೆ ಅಂದುಕೊಂಡೆ. ಒತ್ತೋಕೆ ಸ್ವಿಚ್ಚೇ ಇಲ್ಲದ ಮೇಲೆ ಅವನು ಒತ್ತಿದ್ದಾದರೂ ಏನನ್ನು, ಅಂತ ತಾನೇ? ಬಾಯಿ ಬಿಟ್ಟು ಕೇಳು. ಸರಿ, ಮೇನ್ ಹಾಕಿದ್ದು ನಾನು. ಒಳಗಿಂದ 'ಹಾಕು' ಅಂದ, ಹಾಕಿದೆ. ಇದನ್ನ ಸಾಹೇಬರಿಗೆ ಹೇಗೆ ಹೇಳಲಿ? ಹೇಳಿದರೆ ನನ್ನನ್ನು ಒಳಗೆ ಹಾಕ್ತಾರೆ, ವರ್ಕ್‌ಶಾಪಿಗೆ ಬೀಗ ಬೀಳುತ್ತೆ, ಮಕ್ಕಳನ್ನು ನೀನೊಬ್ಬಳೇ ಸಾಕ್ತೀಯಾ? ಅವನೇ ಒತ್ತಿದ ಅಂದರೆ ಅವನದೇನು ಹೋಗುತ್ತೆ? ಮೈತುಂಬ ಬ್ಯಾಂಡೇಜು ಸುತ್ತಿಕೊಂಡು ಮಲಗಿದವನನ್ನು ಯಾರು ಎಬ್ಬಿಸಿ ಜೈಲಿಗೆ ಒಯ್ತಾರೆ? ಅವಸರಗೇಡಿ ಅನ್ನಿಸಿಕೊಳ್ತಾನೆ, ಅಷ್ಟೇ. ಅಷ್ಟೇ ತಾನೇ?

ಇಗೋ, ಹೊಸದು ಕೂತಿತು. ಟಿಕ್ ಅಂತು, ಕೇಳಿಸಿತಾ? ಈ ಹೊಳಪೊಂದು ಹೋಗಬೇಕು. ಮಸಿಗೆ ಗ್ರೀಸು ಸೇರಿಸಿ ಉಜ್ಜಿದರೆ ಹುಟ್ಟಿದಾಗಿಂದ ಇಲ್ಲೇ ಇದ್ದ ಹಾಗೆ ಕಾಣುತ್ತೆ. ಆ ಬಟ್ಟೆ ಕೊಡು. ಕೊಡೇ.

ಬಂದಾಗಿಂದ ಒಂದು ಮಾತಿಲ್ಲ ನಿನ್ನ ಬಾಯಲ್ಲಿ. ಅಳೋದೂ ಇಲ್ಲ. ಬೈಯೋದಾದರೂ ಬೈಯಿ, ನಿನ್ನ ಬೈಗುಳ ತಿಂದು ಅಭ್ಯಾಸ ಇದೆ ನನಗೆ. ಹೀಗೆ ಕಂಬದ ಹಾಗೆ ನಿಂತರೆ...

ಇರು. ಅವನ ಗಂಟಲಿನ ಪೈಪ್ ಇವತ್ತು ತೆಗೀತೀವಿ ಅಂದಿದ್ದರಲ್ಲ ಡಾಕ್ಟರು. ತೆಗೆದರಾ? ಅದಕ್ಕೇನಾ ನೇರ ಇಲ್ಲಿಗೆ ಬಂದಿದ್ದು? ಮಾತಾಡಿದನಾ ಅವನು?

ಏನಂದ? ಹೇಳು. ಎಲ್ಲ ಹೇಳಿದನಾ?

ಸರಿ. ನೀನು ನೋಡೋ ನೋಟದಲ್ಲೇ ಗೊತ್ತಾಯಿತು, ಹೇಳಿದ್ದಾನೆ. ಅವನು ಅಂದಿದ್ದು ನಿಜ. 'ತಡಿ ಭಾವ' ಅಂತಲೇ ಅಂದಿದ್ದು. 'ಹಾಕು' ಅನ್ನಲಿಲ್ಲ. 'ಇನ್ನೂ ಒರೆಸ್ತಿದ್ದೀನಿ, ತಡಿ' ಅಂತ ಎರಡು ಸಲ ಕೂಗಿದ. ನನಗೆ ಕೇಳಿಸಿತು. ಗಿರಾಕಿ ಬಾಗಿಲಲ್ಲಿ ನಿಂತು ಬೆಳಗಿಂದ ಜೀವ ತಿಂತಿದ್ದ, ಇವನು ಒಳಗೆ ತಡಿ ತಡಿ ಅಂತ ಜಪ ಮಾಡ್ತಾ ಕೂತಿದ್ದ. ಯಾವಾಗಲೂ ಹಾಗೇ ಅವನು. ಒಮ್ಮೆ ಕಿಡಿ ಹಾರಿದರೆ ಬೆಚ್ಚಿಬಿದ್ದು ಕೆಲಸಕ್ಕೆ ಕೈ ಹಾಕ್ತಾನೆ ಅಂತ... ಹೆದರಿಸೋಕೆ ಕಣೇ. ಬರೀ ಹೆದರಿಸೋಕೆ. ಥಿನ್ನರ್ ನೆನಪಿಗೆ ಬಂದಿದ್ದು ಬೆಂಕಿ ಕಂಡ ಮೇಲೆ. ಅದನ್ನೂ ಹೇಳಬೇಕಿತ್ತು ಅವನು, ನಾನೇ ಅವನನ್ನ ಹೊರಗೆ ಎಳೆದಿದ್ದು ಅಂತ. ಹೇಳಿದನಾ, ಅದನ್ನ?

ಮತ್ತೆ ತಲೆ ಆಡಿಸ್ತೀಯ. ಏನು ಹೇಳಲಿಲ್ಲ? ಇದನ್ನ ಹೇಳಲಿಲ್ಲವಾ, ಏನೂ ಹೇಳಲಿಲ್ಲವಾ?

ಪೈಪ್ ತೆಗೆದಿಲ್ಲವಾ ಹಾಗಾದರೆ? ಮತ್ತೆ ಅವನ ಹತ್ತಿರ ಯಾರಿದ್ದಾರೆ? ಅವನೊಬ್ಬನನ್ನೇ ಬಿಟ್ಟು ನೀನು ಯಾಕೆ ಬಂದೆ...

ಹೋದನಾ?

ಯಾವಾಗ? ಅದನ್ನ ಹೇಳೋಕೆ ಬಂದೆಯಾ?

ಒಂದು ಮಾತೂ ಆಡದೇನೇ ಹೋದನಾ... ಹಾಗಾದರೆ ಈಗ, ನಾನು ಹೇಳಿದ್ದು, ನಿನಗೊಬ್ಬಳಿಗೇ ಗೊತ್ತು.