ಡಬ್ಬಿಯೊಳಗಿನ ಬೆಳಕು

ನೀರು ಹಿಡಿಯುವ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಅತ್ತೆಯ ಕಣ್ಣೆಲ್ಲ ನಲ್ಲಿಯ ಮೇಲಿದ್ದ ತಗಡಿನ ಡಬ್ಬಿಯ ಮೇಲೆ.

“ಅದರೊಳಗೆ ಏನು ಔಷಧಿ ಹಾಕ್ತಾರೆ?”

“ಏನೂ ಹಾಕಲ್ಲ ಅತ್ತೆ. ಒಳಗೊಂದು ದೀಪ ಇದೆ. ನೀರು ಅದರ ಕೆಳಗೆ ಹರಿದು ಬರುತ್ತೆ, ಅಷ್ಟೇ.”

“ನಿನ್ನೆ ನಾನೂ ಕೊಡಾನ ಟ್ಯೂಬ್‌ಲೈಟ್ ಕೆಳಗೆ ಇಟ್ಟಿದ್ದೆ.”

“ಲೈಟ್ ಆರಿಸಬೇಡ ಅಂದಿದ್ದು ಅದಕ್ಕಾ? ಆ ಬೆಳಕೇ ಬೇರೆ, ಈ ಯುವಿ ಬೆಳಕೇ ಬೇರೆ. ಇದು ತಾಗಿದ್ರೆ ನೀರಲ್ಲಿರೋ ಕ್ರಿಮಿಗೆ ಮುಂದೆ ಮರಿ ಆಗಲ್ಲ.”

“ಸಾಯಲ್ವಾ?”

“ಸಾಯದಿದ್ರೂ ವಂಶ ಬೆಳೆಯಲ್ಲ. ಹೊಟ್ಟೆಗೆ ಹೋದ್ರೂ ಏನೂ ಮಾಡಕ್ಕಾಗಲ್ಲ.”

“ಕರೆಂಟ್ ಸುಮಾರು ಬೇಕೇನೋ.”

“ಒಂದು ಫ್ಯಾನ್ ತಿರುಗೋಷ್ಟು ಸಾಕಂತೆ.”

ಅವರ ಸರದಿ ಬಂತು. ಅತ್ತೆ ನಲ್ಲಿಯ ಕೆಳಗೆ ಬೆರಳು ಹಿಡಿದರು.

“ತಣ್ಣಗೇ ಇದೆಯಲ್ಲೇ.”

ಸೊಸೆ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಅದು ಅರ್ಧ ತುಂಬಿದಾಗ ಅತ್ತೆ ಅಂದರು:

“ನನ್ನ ಮೊದಲನೇ ಮಗೂಗೆ ವಾಂತಿ ಭೇದಿ ಆದಾಗ ಡಾಕ್ಟರು ನೀರು ಕುದಿಸಿ ಕೊಡು ಅಂದಿದ್ರು. ಮನೇಲಿ ಸೌದೆ ಇರಲಿಲ್ಲ. ಮಗು ಉಳೀಲಿಲ್ಲ. ನಮ್ಮ ನೀರಿಗೂ ಇಷ್ಟು ಬೆಳಕು ಸಾಕಾಗ್ತಿತ್ತಾ?”

“ಸಾಕಾಗ್ತಿತ್ತು ಅತ್ತೆ.”

ಕೊಡ ತುಂಬಿತು. ಸೊಸೆ ಮುಚ್ಚಳ ಕೊಟ್ಟಳು.

“ಭದ್ರವಾಗಿ ಮುಚ್ಚಿ. ಕೊಳೆ ಕೈ ಅದ್ದಿದ್ರೆ ಮತ್ತೆ ಕೆಡುತ್ತೆ. ಬೆಳಕು ನೀರಿನ ಜೊತೆ ಮನೆವರೆಗೂ ಬರಲ್ಲ.”

“ನಿನ್ನ ಪಾಪು ಕುಡಿಯೋವರೆಗೂ ನಾನು ಬರ್ತೀನಲ್ಲ.”

ಅತ್ತೆ ಕೊಡವನ್ನು ಸೊಸೆಗೆ ಕೊಡಲಿಲ್ಲ. ತಾವೇ ಸೊಂಟಕ್ಕೇರಿಸಿಕೊಂಡು, ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದು, ಮನೆಯ ದಾರಿ ಹಿಡಿದರು.