ಅಯ್ಯಪ್ಪನ ಅವ್ವ ಅಂತ ಬರೆಯುವಂತಿಲ್ಲ

...ಹಂಗ ಬರೀಲಿಕ್ಕೆ ಬರೂದಿಲ್ಲ ಅಂದೆನಲ್ಲ! ‘ಅಯ್ಯಪ್ಪನ ಅವ್ವ’ ಅಂತ ನಾನು ಕರೀಬಹುದು, ಓಣಿ ಕರೀಬಹುದು. ಮತದಾರರ ಯಾದಿಯೊಳಗ ನಡಿಯೂದಿಲ್ಲ. ರಾಯಚೂರಿನಿಂದ ಹುಕುಂ ಬಂದದ. ಹೆಣ್ಣುಮಕ್ಕಳ ಸ್ವಂತ ಹೆಸರು, ಅವರ ಬಾಯಿಂದಲೇ ಕೇಳಿ ಬರೀಬೇಕು. ಶಾಲಿ ಮಾಸ್ತರ ಅಂತ ದೇವದುರ್ಗದ ಈ ಓಣಿ ನನಗ ಹಚ್ಚ್ಯಾರ. ನನ್ನ ಹೆಂಡತಿಗೆ ಬ್ಯಾರೆ ಕಾಯಿದೆ ಇಲ್ಲ.

ಹೇಳು... ಬಸವಂತಮ್ಮ ಅಂತ ನನಗ ಗೊತ್ತದ. ನೀ ಹೇಳಬೇಕು.

ನಾಚಿಕಿ ಯಾಕ? ಓಣಿ ತುದಿಯ ಸೂಗಮ್ಮನೂ ಹಿಂಗೇ. ತನ್ನ ಹೆಸರು ಹೇಳಿದಳು, ಗಂಡನ ಹೆಸರು ಬಾಯಾಗ ಬರವಲ್ದು. ‘ಹಂಪಿ ದೇವರ ಹೆಸರ್ರೀ’ ಅಂದಳು. ವಿರೂಪಾಕ್ಷಪ್ಪ ಅಂತ ಬರದೆ. ಅಷ್ಟರಾಗ ಅಂವ ಹೊಲದಿಂದ ಬಂದು, ‘ಏನ್ರೀ ಮಾಸ್ತರ್ರ, ನನ್ನ ಮನ್ಯಾಗ ಈ ವಿರೂಪಾಕ್ಷಪ್ಪ ಯಾಂವ?’ ಅಂತ ಗದರಿದ! ಅವನ ಹೆಸರು ಹಂಪಣ್ಣ.

...ನಕ್ಕಿ ನೋಡು. ಬಹಳ ದಿನಾತು.

ನಿಜಾಮರ ಕಾಲದಾಗ ನಮ್ಮ ಪರವಾಗಿ ಹೈದರಾಬಾದಿಗೆ ಹೋದವರ ಮಾರಿ ನಾವ್ಯಾರೂ ಕಂಡಿಲ್ಲ. ಈಗ ಇಪ್ಪತ್ತೊಂದು ತುಂಬಿದವರೆಲ್ಲ ಆರಿಸಬೇಕು. ದೇವದುರ್ಗ, ಮಾನ್ವಿ ಕೂಡಿಸಿ ಒಂದ ಕ್ಷೇತ್ರ, ಅದಕ್ಕ ಇಬ್ಬರು ಪ್ರತಿನಿಧಿಗಳು ಅಂತ ಕಚೇರ್ಯಾಗ ಮಾತದ... ಖಾತ್ರಿ ಇಲ್ಲ. ಇಬ್ಬರೊಳಗ ಒಬ್ಬ ಹರಿಜನ ಇರಬೇಕಂತ. ಕೇರಿಯ ಭೀಮವ್ವಗ ಇದನ್ನ ಹೇಳಿದೆ. ‘ನಮ್ಮಾಂವನೂ ಅವರ ಬಾಜೂಕ ಕುರ್ಚಿ ಮ್ಯಾಲ ಕೂಡ್ತಾನೇನ್ರೀ? ಹಂಗಾರ ನನ್ನ ಹೆಸರು ದಪ್ಪಗ ಬರೀರಿ’ ಅಂದಳು.

ಎದುರಮನಿ ಅನ್ನಮ್ಮ ಜಗಳಾನೇ ತಗದಳು. ಮಗ ಪುಣೆದಾಗ ಇದ್ದಾನ, ಆದರೂ ಅವನ ಹೆಸರು ಬರೀರಿ ಅಂತ. ಊರಾಗ ಇಲ್ಲದವರನ್ನ ಬರಿಯೂದಿಲ್ಲಬೇ ಅಂದೆ. ಅದಕ್ಕ ನಮ್ಮ ಅಯ್ಯಪ್ಪಂದೂ... ಅವನಿಗೂ ಇಪ್ಪತ್ತೊಂದು ಆತು, ಖರೇ. ಆದರ ಅಂವ ಹೊಳಿ ಆಚೆ ಇದ್ದಾನ. ರಜಾಕಾರರ ಗದ್ದಲದಾಗ ಹೋರಾಟಗಾರರ ಶಿಬಿರಕ್ಕ ಹೋದಾಂವ, ಅಲ್ಲೇ ಕೆಲಸ ಹಿಡದಾನ ಅಂತ ಹೇಳಿದೆನಲ್ಲ. ಅದಕ್ಕ ಬರದಿಲ್ಲ. ಮತ್ತೇನೂ ಇಲ್ಲ. ನೀ ಕೇಳಿದಿ ಅಂತ ಹೇಳಿದೆ...

ಕೇಳಲಿಲ್ಲ?

...ಹೌದು. ನೀ ಕೇಳಲಿಲ್ಲ.

ಯಾಕ ಕೇಳಲಿಲ್ಲ? ಅನ್ನಮ್ಮ ಅಷ್ಟು ಜಗಳಾಡಿದಳು. ನೀ ಮಗನ ಹೆಸರೇ ತಗೀಲಿಲ್ಲ. ಮೊದಲು ದಿನಾ ಕಾಡತಿದ್ದಿ... ‘ಕಾಗದ ಬರೀರಿ, ಹೋಗಿ ಕರಕೊಂಡ ಬರ್ರಿ.’ ಯಾವಾಗ ಬಿಟ್ಟಿ?

ಹಿಂಗ ನೋಡಬ್ಯಾಡ. ಏನರ ಅನ್ನು.

ನಾ ಮಾನ್ವಿಗೆ ಹೋಗಿ ಬಂದ ಮ್ಯಾಲ... ಹೌದಲ್ಲ? ಅಲ್ಲಿ ರಾಮಣ್ಣ ಸಿಕ್ಕಿದ್ದ. ಶಿಬಿರದಾಗ ನಮ್ಮ ಅಯ್ಯಪ್ಪನ ಜೋಡಿ ಇದ್ದಾಂವ. ಜ್ವರ ಅಂದ. ಮೂರು ದಿನದ ಜ್ವರ. ನಾವೇ ಮಣ್ಣು ಮಾಡಿದ್ವಿ ಅಂದ. ನಾ ಸೀದಾ ಮನಿಗೆ ಬರಲಿಲ್ಲ. ಹೊಳಿ ದಂಡಿಯ ಗೂಗಲ್ ಊರಿಗೆ ಹೋಗಿ, ಮಣ್ಣು ಮಾಡಿ ಬಂದವರಂಗ ಹೊಳ್ಯಾಗ ಮುಳುಗಿ ಬಂದೆ. ನಿನಗ ಹೇಳಬೇಕಂತಲೇ ಬಂದೆ... ಬಾಗಲಾಗ ನಿಂತಿದ್ದಿ. ನಾ ಹೇಳಲಿಲ್ಲ. ನೀನೂ ಏನೂ ಕೇಳಲಿಲ್ಲ. ತೊಯ್ದ ಧೋತರ ಇಸಕೊಂಡು, ಹಿಂಡಿ, ಒಣಹಾಕಿದಿ.

ಅವತ್ತೇ ಗೊತ್ತಾತೇನು?

ಅವತ್ತಿಂದ ಇಬ್ಬರೂ ಇದೇ ಮನ್ಯಾಗ ಇದ್ದೀವಿ. ಒಂದ ದಿನ ನಿನ್ನ ಕಣ್ಣು ಕೆಂಪಾಗಿದ್ದು ಕಾಣಲಿಲ್ಲ ನನಗ.

ಎಲ್ಲಿ ಕುಂತು ಅತ್ತಿ?